ಕೆಂಪು ಮೂರು ನಿಮಿಷ

ತ್ಯಾಲಿಂಗ್ ಪೋಸ್ಟ್‌ಮಾ ಎಂಬವನ ಕೆಲಸದ ಕೋಣೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಎಲ್ಲರ ಮನೆಯಲ್ಲೂ ಇರುವಂಥದು. ಇನ್ನೊಂದು ಹಡಗಿನಿಂದ ಬಿಚ್ಚಿ ತಂದದ್ದು, ಹಿತ್ತಾಳೆಯ ಕಟ್ಟಿನದು. ಅದರ ಮುಖದ ಮೇಲೆ ಹದಿನೈದರಿಂದ ಹದಿನೆಂಟನೇ ನಿಮಿಷದವರೆಗೆ ಒಂದು, ನಲವತ್ತೈದರಿಂದ ನಲವತ್ತೆಂಟರವರೆಗೆ ಒಂದು, ಹೀಗೆ ಎರಡು ಕೆಂಪು ಹೋಳುಗಳನ್ನು ಬಳಿದಿದ್ದರು. ನಿಮಿಷದ ಮುಳ್ಳು ಕೆಂಪಿಗೆ ಬಂತೆಂದರೆ ತ್ಯಾಲಿಂಗ್ ತೋರುಬೆರಳು ಎತ್ತುತ್ತಿದ್ದ. ಕೋಣೆಯಲ್ಲಿದ್ದವರು ಬಾಯಿ ಮುಚ್ಚಬೇಕು. ಮೂರು ನಿಮಿಷ ಯಾರೂ ಮಾತಾಡುವಂತಿಲ್ಲ, ಕಾಫಿ ಬಟ್ಟಲನ್ನು ಸದ್ದು ಮಾಡಿ ಇಡುವಂತೆಯೂ ಇಲ್ಲ.

ನಿಯಮ ಅವನದಲ್ಲ, ಸಮುದ್ರದ್ದು. ಹಡಗುಗಳು ಉದ್ದ-ಗಿಡ್ಡ ಬೀಪುಗಳ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದ ಕಾಲದಲ್ಲಿ ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಎಲ್ಲ ರೇಡಿಯೋಗಳೂ ಸುಮ್ಮನಾಗುತ್ತಿದ್ದವು. ಎಲ್ಲೋ ಮುಳುಗುತ್ತಿರುವವರು ಬಲವಿಲ್ಲದ ದನಿಯಲ್ಲಿ ಕರೆಯುತ್ತಿದ್ದರೆ ಕೇಳಿಸಲಿ ಎಂದು. ಸರಕು ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿದ್ದ ತ್ಯಾಲಿಂಗ್ ಇಪ್ಪತ್ತಾರು ವರ್ಷ ಆ ಮೂರು ನಿಮಿಷಗಳಿಗೆ ಕಿವಿಗೊಟ್ಟ. ಅಷ್ಟು ವರ್ಷಗಳಲ್ಲಿ ಅಂಥ ಕರೆ ಅವನಿಗೆ ಕೇಳಿಸಿದ್ದು ಒಂದೇ ಸಲ. ಒಂದು ಮೀನುದೋಣಿ, ಏಳು ಜನ. ಏಳೂ ಜನ ಉಳಿದರು. ಅದರ ಬಗ್ಗೆ ಕೇಳಿದರೆ, ಉಳಿದ ಸಲವೆಲ್ಲ ಏನೂ ಕೇಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಹೇಳಿ ಮಾತು ಬದಲಿಸುತ್ತಿದ್ದ.

ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ಸಂದೇಶ ಸಾಗಿಸಲು ಉಪಗ್ರಹ ಬಂದು ಅವನ ಕೆಲಸ ಹೋಯಿತು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ತನ್ನ ಊರಾದ ಹಾರ್ಲಿಂಗೆನ್‌ಗೆ ವಾಪಸಾಗಿ, ಬಂದರಿನ ಹಿಂದಿನ ಬೀದಿಯ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ, ಊರಿನವರ ಕಂಪ್ಯೂಟರ್ ರಿಪೇರಿಗೆ ಕುಳಿತ. ಕಂಪ್ಯೂಟರ್ ಕೊಟ್ಟು ಹೋಗುವ ಪದ್ಧತಿ ಅವನಲ್ಲಿ ಇರಲಿಲ್ಲ. ತಂದವರು ಪಕ್ಕದ ಕುರ್ಚಿಯಲ್ಲಿ ಕೂತೇ ಇರಬೇಕು. ಒಂದು ಕಾಫಿ, ಒಂದು ಬಿಸ್ಕತ್ತು. ಒಂದನ್ನು ತೆಗೆದುಕೊಂಡ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಮುಚ್ಚಳ ಬೀಳುತ್ತಿತ್ತು, ನಮ್ಮ ಊರಿನ ಎಲ್ಲ ಮನೆಗಳಲ್ಲಿ ಬೀಳುವಂತೆಯೇ.

ಏಳದೆ ಬಿದ್ದ ಕಂಪ್ಯೂಟರ್ ಪರದೆಯ ಮೇಲೆ ಏನನ್ನೂ ತೋರಿಸಲಾರದೆ ಹೋದಾಗ ಒಳಗಿನಿಂದ ಬೀಪ್ ಎಂದು ಕೂಗುತ್ತದೆ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದರಲ್ಲಿ ಕಾಯಿಲೆಯ ಹೆಸರಿರುತ್ತದೆ. ಬೇರೆಯವರು ಎಣಿಸಿ, ಪುಸ್ತಕ ತೆಗೆದು ನೋಡುತ್ತಾರೆ. ತ್ಯಾಲಿಂಗ್‌ಗೆ ಅವು ಅಕ್ಷರಗಳಾಗಿಯೇ ಕೇಳಿಸುತ್ತಿದ್ದವು. ಒಂದು ಉದ್ದ ಎರಡು ಗಿಡ್ಡ ಬಂದರೆ, "ಡಿ ಅಂತಿದೆ" ಎನ್ನುತ್ತಿದ್ದ. ಮೋರ್ಸ್‌ನಲ್ಲಿ ಅದು ಡಿ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ಕಾರ್ಡು ಕೈಕೊಟ್ಟಿದೆ ಎಂದರ್ಥ. ಮರದ ಸೌಟೊಂದರ ಹಿಡಿಯ ತುದಿಯನ್ನು ಯಂತ್ರಕ್ಕೆ ಒತ್ತಿ, ಸೌಟಿನ ಬಟ್ಟಲನ್ನು ಕಿವಿಗೆ ಹಚ್ಚಿ, ಫ್ಯಾನಿನ ಬೇರಿಂಗು ಇನ್ನೆಷ್ಟು ತಿಂಗಳು ಬಾಳುತ್ತದೆಂದು ಹೇಳುತ್ತಿದ್ದ. ಅವನ ಕಿವಿ ಊರಿಗೆ ಒಂದು ಹೆಮ್ಮೆಯಾಗಿತ್ತು. ಮೀನಿನ ಅಂಗಡಿಯವನು ಗಿರಾಕಿಗಳ ಎದುರೇ ಕಿಚಾಯಿಸುತ್ತಿದ್ದ: "ತ್ಯಾಲಿಂಗ್, ಈ ಮೀನಿಗೂ ಸ್ವಲ್ಪ ಕಿವಿ ಕೊಟ್ಟು ನೋಡು ಮಾರಾಯ, ನಿನ್ನೇದೋ ಮೊನ್ನೇದೋ ಹೇಳು."

ಎರಡು ಸಾವಿರದ ಹತ್ತೊಂಬತ್ತರ ವಸಂತದಲ್ಲಿ ಮಗಳು ಬಲವಂತ ಮಾಡಿ ಅವನ ಕಿವಿ ಪರೀಕ್ಷೆ ಮಾಡಿಸಿದಳು. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಕಡಲ ಕಟ್ಟೆಯ ಅಂಚಿನಂತೆ ಕೆಳಗಿಳಿದಿತ್ತು. ದಪ್ಪ ದನಿಗಳಿಗೆ, ಬೀಪಿಗೆ, ಮೋಟಾರಿನ ಗುಂಯ್‌ಗೆ ತೊಂದರೆಯಿರಲಿಲ್ಲ. ಸಣ್ಣ ಚೂಪು ಸದ್ದುಗಳು ಹೋಗಿಬಿಟ್ಟಿದ್ದವು. ಹಕ್ಕಿಗಳು ಕಡಿಮೆಯಾಗಿವೆ ಎಂದು ಆತ ಮೂರು ವರ್ಷದಿಂದ ಹೇಳುತ್ತಿದ್ದ. ಶ್ರವಣಯಂತ್ರಗಳು ಬೂದು ಬಣ್ಣದ ಪುಟ್ಟ ಪೆಟ್ಟಿಗೆಯಲ್ಲಿ ಬಂದವು. ಒಂದು ವಾರ ಹಾಕಿಕೊಂಡ. ಎಲ್ಲವನ್ನೂ ಒಟ್ಟಿಗೆ ಕೇಳಿಸುವ ವಸ್ತು ತನಗೆ ಬೇಡ, ತನಗೆ ಒಂದನ್ನು ಮಾತ್ರ ಕೇಳಿ ಅಭ್ಯಾಸ ಎಂದು ಮಗಳಿಗೆ ಹೇಳಿ, ಹಳೆಯ ಸ್ಕ್ರೂಗಳಿದ್ದ ಡ್ರಾಯರಿಗೆ ಹಾಕಿದ. ಊರಿನಲ್ಲಿ ಯಾರಿಗೂ ತಿಳಿಸಲಿಲ್ಲ.

ಅದೇ ವರ್ಷ ಅಕ್ಟೋಬರ್ ಒಂಬತ್ತು, ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಔಕ್ಯೆ ಬಂದಳು. ಸಂತೆಗೆ ಒಯ್ಯುವ ಗಾಲಿಚೀಲದಲ್ಲಿ, ಸ್ನಾನದ ಟವೆಲು ಸುತ್ತಿ, ಗಂಡ ಗೆರ್ಲೋಫ್‌ನ ಹಳೆಯ ಕಂಪ್ಯೂಟರನ್ನು ಎಳೆದುಕೊಂಡು ಬಂದಿದ್ದಳು.

ಗೆರ್ಲೋಫ್ ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತುವ ಕೆಲಸದಲ್ಲಿದ್ದವನು. ಆ ಕೆಲಸಕ್ಕೊಂದು ಧ್ವನಿವರ್ಧಕವಿತ್ತು. ಬೇಸಿಗೆಯಲ್ಲಿ ಬರುವ ಶೋಕಿಯ ಹಾಯಿದೋಣಿಗಳನ್ನು ಆತ ಬೈಯುತ್ತಿದ್ದದ್ದು ಮೂರು ಬೀದಿಗೆ ಕೇಳಿಸುತ್ತಿತ್ತು. "ಏ ನೀಲಿ ಹಾಯಿ, ನಿದ್ದೆ ಬಂದಿದ್ರೆ ಮನೆಗೆ ಹೋಗು, ನನ್ನ ಸೇತುವೆ ಕೆಳಗೆ ಹಾಸಿಗೆ ಹಾಸಬೇಡ." ಎರಡು ಸಾವಿರದ ಆರರಲ್ಲಿ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಶಸ್ತ್ರಚಿಕಿತ್ಸೆಗೆ ಮೂರು ವಾರ ಇತ್ತು. ಗೆರ್ಲೋಫ್ ಕಕ್ಕಸಿನ ಬಾಗಿಲ ಹಿಂದಿನ ಮೊಳೆಯಿಂದ, ನಮ್ಮಲ್ಲಿ ಎಲ್ಲರೂ ಅಲ್ಲೇ ತೂಗುಹಾಕುವ ಹುಟ್ಟುಹಬ್ಬದ ಕ್ಯಾಲೆಂಡರನ್ನು ತೆಗೆದು ತಂದು ಕಂಪ್ಯೂಟರಿನ ಮುಂದೆ ಕುಳಿತ. ಅದರಲ್ಲಿ ನಲವತ್ಮೂರು ಹೆಸರುಗಳಿದ್ದವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹಿಡಿದು, ಶುಭಾಶಯ ಹೇಳಿ ಧ್ವನಿಮುದ್ರಿಸಿಟ್ಟ. ಆಮೇಲೆ ಏಳು ವರ್ಷ, ಯಾರ ಹುಟ್ಟುಹಬ್ಬವಿದ್ದರೂ ಆತ ನಂಬರು ಒತ್ತಿ, ಫೋನನ್ನು ಕಂಪ್ಯೂಟರಿನ ಸ್ಪೀಕರಿಗೆ ಹಿಡಿಯುತ್ತಿದ್ದ. ದನಿಯೇ ಇಲ್ಲದ ಮನುಷ್ಯ ಊರಲ್ಲೆಲ್ಲರಿಗಿಂತ ಮೊದಲು ಶುಭಾಶಯ ಹೇಳುತ್ತಿದ್ದ.

ನಲವತ್ಮೂರರಲ್ಲಿ ಒಂದು ಮಾತ್ರ ಯಾರ ಕಿವಿಗೂ ಬಿದ್ದಿರಲಿಲ್ಲ. ಅದು ನವೆಂಬರ್ ಇಪ್ಪತ್ಮೂರರದು, ಔಕ್ಯೆಯದು. ಪ್ರತಿ ವರ್ಷ ಆ ದಿನ ಗೆರ್ಲೋಫ್ ಕಂಪ್ಯೂಟರ್ ಕಡೆ ಕೈ ತೋರಿಸಿ ಹುಬ್ಬು ಹಾರಿಸುತ್ತಿದ್ದ. ಎದುರಿಗೆ ನೀನೇ ಕೂತಿರುವಾಗ ಆ ಡಬ್ಬ ಯಾಕೆ ಮಾತಾಡಬೇಕು, ನನಗೆ ಎಪ್ಪತ್ತಾಗಲಿ, ಆಗ ಕೇಳ್ತೀನಿ ಎಂದು ಆಕೆ ಅನ್ನುತ್ತಿದ್ದಳು. ಆತ ತನ್ನ ಸ್ಲೇಟಿನ ಮೇಲೆ 'ಎಪ್ಪತ್ತಕ್ಕೆ' ಎಂದು ಬರೆದು ಕೆಳಗೆ ಗೆರೆ ಎಳೆದು ತೋರಿಸುತ್ತಿದ್ದ. ಎರಡು ಸಾವಿರದ ಹದಿಮೂರರ ಫೆಬ್ರವರಿಯಲ್ಲಿ ತೀರಿಕೊಂಡ. ಔಕ್ಯೆ ಕಂಪ್ಯೂಟರಿಗೆ ಹೊದಿಕೆ ಹೊದಿಸಿ ಇಟ್ಟಳು. ಇನ್ನು ಆರು ವಾರಕ್ಕೆ ಆಕೆಗೆ ಎಪ್ಪತ್ತು. ಆ ಬುಧವಾರದ ಹಿಂದಿನ ದಿನ, ಓಡುತ್ತದೆಯೇ ನೋಡೋಣವೆಂದು ಹೊದಿಕೆ ತೆಗೆದು ಗುಂಡಿ ಒತ್ತಿದರೆ ಅದು ಕೂಗಿತು, ಏಳಲಿಲ್ಲ.

ಬೇರೆ ಎಲ್ಲಾದರೂ ಇನ್ನೊಂದು ಪ್ರತಿ ಇಟ್ಟಿದ್ದೀಯಾ ಎಂದು ತ್ಯಾಲಿಂಗ್ ಕೇಳಿದ.

"ಇನ್ನೊಂದು ಪ್ರತಿ ಅಂದ್ರೆ?" ಎಂದಳು ಔಕ್ಯೆ.

ಅವನು ಯಂತ್ರಕ್ಕೆ ಕರೆಂಟಿನ ವೈರು ಚುಚ್ಚಿದ.

ಮೊದಲ ಸಲ ಒತ್ತಿದಾಗ ಒಂದು ಉದ್ದ, ಎರಡು ಗಿಡ್ಡ. "ಡಿ" ಎಂದ ತ್ಯಾಲಿಂಗ್. ಮುಚ್ಚಳ ಬಿಚ್ಚಿ, ಕಾರ್ಡನ್ನು ಹೊರಗೆಳೆದು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಎರಡನೇ ಸಲ ಒಂದೇ ಒಂದು ಗಿಡ್ಡ ಬೀಪು. ಅದು ಒಳ್ಳೆಯ ಸುದ್ದಿ. ಪರದೆ ಬೆಳಗಿತು. ದಿನಾಂಕ ಎರಡು ಸಾವಿರದ ಎರಡು, ಜನವರಿ ಒಂದು ಎಂದಿತ್ತು. ಆರು ವರ್ಷ ಕರೆಂಟು ಕಾಣದೆ ಒಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದೆ, ದಿನಾಂಕವೂ ಸೆಟ್ಟಿಂಗುಗಳೂ ಮರೆತುಹೋಗಿವೆ ಎಂದು ಅವನು ವಿವರಿಸಿದ. ಔಕ್ಯೆಗೆ ಧೈರ್ಯ ಬಂತು. ಅದಕ್ಕೇನು, ನಂಗೂ ಇವತ್ತು ಯಾವ ವಾರ ಅಂತ ಬೆಳಗ್ಗೆ ಗೊತ್ತಿರಲ್ಲ ಎಂದು ನಕ್ಕಳು. ಬ್ಯಾಟರಿ ಬದಲಾಯಿಸಿ, ದಿನಾಂಕ ಸರಿಮಾಡಿ, ಮೂರನೇ ಸಲ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ಡಿಸ್ಕ್ ಕಾಣುತ್ತಿಲ್ಲ.

ಗೆರ್ಲೋಫ್‌ನ ದನಿ ಇದ್ದದ್ದು ಆ ಡಿಸ್ಕಿನಲ್ಲಿ.

ಮುಳ್ಳು ನಲವತ್ತೈದಕ್ಕೆ ಬಂತು. ತ್ಯಾಲಿಂಗ್ ಬೆರಳೆತ್ತಿದ. ಸೌಟಿನ ಹಿಡಿಯನ್ನು ಡಿಸ್ಕಿಗೆ ಒತ್ತಿ, ಕಣ್ಣು ಮುಚ್ಚಿ, ಮೂರು ನಿಮಿಷ ಕಿವಿಗೊಟ್ಟ. ಯಂತ್ರ ಓಡುತ್ತಲೇ ಇತ್ತು. ಔಕ್ಯೆಗೆ ಟಿಕ್ ಟಿಕ್ ಟಿಕ್ ಎಂದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ಟಿಕ್ ಟಿಕ್ ಟಿಕ್. ಬಾಯಿ ತೆರೆದಳು. ಅವನ ಬೆರಳು ಇನ್ನೂ ಮೇಲೇ ಇತ್ತು. ಮುಚ್ಚಿಕೊಂಡಳು.

ನಲವತ್ತೆಂಟಕ್ಕೆ ಅವನು ಕಣ್ಣು ಬಿಟ್ಟು, ಡಿಸ್ಕ್ ಆರಾಮಾಗಿ ಸುತ್ತುತ್ತಿದೆ, ಅದರ ದನಿ ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇರಬೇಕು ಎಂದ. ಹಾರ್ಲಿಂಗೆನ್‌ನಲ್ಲಿ ಯಾವ ಸದ್ದಿನ ಬಗ್ಗೆಯೂ ತ್ಯಾಲಿಂಗ್‌ಗೆ ಎದುರು ಹೇಳುವವರು ಇರಲಿಲ್ಲ. ಎಚ್ಚರವಾಗುವ ಯಂತ್ರ ಹಾಗೆಯೇ ಮೈಮುರಿಯುತ್ತದೆಯೇನೋ ಎಂದುಕೊಂಡು ಔಕ್ಯೆ ಬಿಸ್ಕತ್ತು ತಿಂದಳು.

ಅವನು ಕೇಬಲ್ ಬದಲಿಸಿ ನೋಡಿದ. ಕೇಬಲ್ ಚುಚ್ಚುವ ಜಾಗ ಬದಲಿಸಿ ನೋಡಿದ. ಕರೆಂಟಿನ ಪೆಟ್ಟಿಗೆಯನ್ನೇ ಬದಲಿಸಿ ನೋಡಿದ. ಪ್ರತಿ ಸಲವೂ ಆರಿಸಿ, ಮತ್ತೆ ಹಚ್ಚಿ, ಮತ್ತೆ ಕಿವಿಗೊಟ್ಟ. ಹನ್ನೊಂದೂಕಾಲಿಗೆ ಒಂದು ಕೆಂಪು ಬಂತು, ಹನ್ನೊಂದು ಮುಕ್ಕಾಲಿಗೆ ಇನ್ನೊಂದು. ಒಟ್ಟು ಹದಿನಾಲ್ಕು ಸಲ ಹಚ್ಚಿದ್ದು ಅವನ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಗುರುತಾಗಿದೆ. ಕೊನೆಯ ಎರಡು ಸಲ ಟಿಕ್ ನಿಂತು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಎಳೆದಂತೆ ಸದ್ದಾಯಿತು ಎಂದು ಔಕ್ಯೆ ಹೇಳುತ್ತಾಳೆ. ಆಮೇಲೆ ಆ ಸದ್ದೂ ಇಲ್ಲ.

ಇದು ಇಲ್ಲಿ ಆಗುವ ಕೆಲಸವಲ್ಲ ಎಂದು ಒಪ್ಪಿಕೊಂಡು ಅವನು ಡಿಸ್ಕನ್ನು ದಕ್ಷಿಣದ ಒಂದು ಪಟ್ಟಣಕ್ಕೆ ಕಳಿಸಿದ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ, ಅಳಿದದ್ದನ್ನು ಎತ್ತಿಕೊಡುವವರು ಅಲ್ಲಿದ್ದರು. ನವೆಂಬರ್ ಮೊದಲ ವಾರ ಅವರ ಪತ್ರ ಬಂತು. ಓದುವ ಸೂಜಿ ಬಾಗಿ ತಟ್ಟೆಗೆ ತಾಗಿದೆ, ತಟ್ಟೆಯ ಮೇಲಿನ ಲೇಪವೆಲ್ಲ ಕೆರೆದು ಪುಡಿಯಾಗಿದೆ, ಏನೂ ಉಳಿದಿಲ್ಲ. ಕೊನೆಯಲ್ಲಿ, ಸೌಜನ್ಯಕ್ಕೆಂದು ಸೇರಿಸಿದಂತೆ, ಇನ್ನೊಂದು ಸಾಲು: ಇಂಥ ಡಿಸ್ಕ್ ಮೊದಲ ಸಲ ಟಿಕ್ ಎಂದಾಗಲೇ ಆರಿಸಿ ಕಳಿಸಿದ್ದರೆ ಬಹುಪಾಲು ಉಳಿಸಿಕೊಳ್ಳಬಹುದಿತ್ತು.

ಟಿಕ್ ಎನ್ನುವ ಡಿಸ್ಕನ್ನು ಮತ್ತೆ ಮತ್ತೆ ಹಚ್ಚಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ತ್ಯಾಲಿಂಗ್ ಅದನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದ. ಅವನು ಕೋಟು ಹಾಕಿಕೊಂಡು ಔಕ್ಯೆಯ ಮನೆಗೆ ನಡೆದ. ಆ ಮಧ್ಯಾಹ್ನದ ಮಾತನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ; ಒಂದು ಪದವೂ ವ್ಯತ್ಯಾಸವಿಲ್ಲ.

"ಅವತ್ತು ಟಿಕ್ ಟಿಕ್ ಅಂತಿತ್ತಾ?"

"ಅಂತಿತ್ತು."

"ಯಾವಾಗಿಂದ?"

"ಮೂರನೇ ಸಲದಿಂದ. ನಿಂಗೆ ಕೇಳಿಸ್ತಿರಲಿಲ್ವಾ?"

"ಇಲ್ಲ." ಅವನು ಕೇಳಿದ: "ಯಾಕೆ ಹೇಳಲಿಲ್ಲ?"

"ಕೆಂಪಲ್ಲಿ ಮಾತಾಡಬಾರದಲ್ಲ."

ಅವನು ಪತ್ರವನ್ನು ಮೇಜಿನ ಮೇಲಿಟ್ಟ. ಔಕ್ಯೆ ಎರಡು ಸಲ ಓದಿ ಮಡಿಸಿಟ್ಟಳು. ಹೋಗಲಿ ಬಿಡು ಎನ್ನಲಿಲ್ಲ.

"ನಂಗೆ ಕೋಪ ಬಂದಿದೆ ತ್ಯಾಲಿಂಗ್," ಎಂದಳು. "ಯಾರ ಮೇಲೆ ಅಂತ ಇನ್ನೂ ಗೊತ್ತಾಗಿಲ್ಲ."

ಆಗ ಅವನು ಕಿವಿ ಪರೀಕ್ಷೆಯ ಸಂಗತಿ ಹೇಳಿದ. ಡ್ರಾಯರಿನ ಸಂಗತಿಯನ್ನೂ ಬಿಡಲಿಲ್ಲ. ಮಗಳನ್ನು ಬಿಟ್ಟರೆ ಅದನ್ನು ಮೊದಲು ಕೇಳಿದವಳು ಔಕ್ಯೆ. ಆಕೆ ಕಿಟಕಿಯ ಕಡೆ ತಿರುಗಿ, ಈಗ ಯಾರ ಮೇಲೆ ಅಂತ ಗೊತ್ತಾಯ್ತು ಎಂದಳು.

ಹೊರಡುವ ಮುಂಚೆ ಅವನು ಅವಳ ಮನೆಯ ಕಕ್ಕಸಿಗೆ ಹೋದ. ಬಾಗಿಲು ಮುಚ್ಚಿದರೆ ಎದುರಿಗೇ ಆ ಕ್ಯಾಲೆಂಡರು. ಸೇತುವೆಯ ದಾಖಲೆ ಪುಸ್ತಕದಲ್ಲಿ ಬರೆದಂತೆ ದುಂಡಗೆ ಬರೆದ ನಲವತ್ಮೂರು ಹೆಸರು. ಸತ್ತವರ ಹೆಸರಿನ ಮುಂದೆ ಸಣ್ಣ ಶಿಲುಬೆ. ಹೊರಗೆ ಬಂದು, ಇದನ್ನು ಸ್ವಲ್ಪ ದಿನ ಕೊಡುತ್ತೀಯಾ ಎಂದು ಕೇಳಿದ. ಔಕ್ಯೆ ಒಪ್ಪಿದಳು. ವಾಪಸ್ ತಂದು ಅದೇ ಮೊಳೆಗೇ ಹಾಕಬೇಕು ಎಂದಷ್ಟೇ ಹೇಳಿದಳು.

ಆ ಏಳು ವರ್ಷಗಳಲ್ಲಿ ಯಾರಾದರೂ ಮನೆಯಲ್ಲಿಲ್ಲದಾಗ ಗೆರ್ಲೋಫ್‌ನ ಫೋನು ಹೋಗಿರಬೇಕು. ಹೋಗಿದ್ದರೆ ಆ ಮನೆಯ ಉತ್ತರಿಸುವ ಯಂತ್ರ ಅವನ ದನಿಯನ್ನು ಹಿಡಿದಿಟ್ಟಿರಬೇಕು. ತ್ಯಾಲಿಂಗ್‌ನ ಲೆಕ್ಕ ಇಷ್ಟೇ. ಔಕ್ಯೆಗಾಗಿ ಹೇಳಿದ ಮಾತು ಇನ್ನು ಎಲ್ಲೂ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಒಂದನ್ನು ಗೆರ್ಲೋಫ್ ಯಾವ ಫೋನಿಗೂ ಹಿಡಿದಿರಲಿಲ್ಲ. ಆದರೆ ನಮ್ಮಲ್ಲಿ ಹುಟ್ಟುಹಬ್ಬದ ದಿನ ಹುಟ್ಟಿದವರಿಗೆ ಮಾತ್ರ ಶುಭಾಶಯ ಹೇಳಿ ಸುಮ್ಮನಾಗುವುದಿಲ್ಲ. ವೃತ್ತವಾಗಿ ಹಾಕಿದ ಕುರ್ಚಿಗಳಲ್ಲಿ ಕೂತ ಒಬ್ಬೊಬ್ಬರ ಕೈಯನ್ನೂ ಕುಲುಕಿ, ನಿನ್ನ ಗಂಡನ ಹುಟ್ಟುಹಬ್ಬಕ್ಕೆ ನಿನಗೂ ಶುಭಾಶಯ, ನಿನ್ನ ಅತ್ತಿಗೆಯ ಹುಟ್ಟುಹಬ್ಬಕ್ಕೆ ನಿನಗೂ ಶುಭಾಶಯ ಎಂದು ಹೇಳುತ್ತ ಒಂದು ಸುತ್ತು ಬರಬೇಕು. ಗೆರ್ಲೋಫ್ ಇಂಥದ್ದನ್ನು ತಪ್ಪಿಸುವವನಲ್ಲ. ಔಕ್ಯೆಯ ಸಂಬಂಧಿಕರಿಗೆ ಹೇಳಿದ ಶುಭಾಶಯದಲ್ಲಿ ಔಕ್ಯೆಯ ಹೆಸರೂ ಬಂದಿರಲೇಬೇಕು.

ಅವನು ಶ್ರವಣಯಂತ್ರಗಳನ್ನು ಡ್ರಾಯರಿನಿಂದ ತೆಗೆದು ಕಿವಿಗೆ ಹಾಕಿಕೊಂಡ. ಮೇಜಿನ ಕೆಲಸ ನಿಲ್ಲಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಸೈಕಲ್ ಹತ್ತಿದ. ನಲವತ್ಮೂರರಲ್ಲಿ ಹತ್ತೊಂಬತ್ತು ಜನ ತೀರಿಕೊಂಡಿದ್ದರು. ಉಳಿದವರಲ್ಲಿ ಹೆಚ್ಚಿನವರು ಹಳೆಯ ಫೋನು ಬಿಸಾಡಿದ್ದರು. ಮೀನಿನ ಅಂಗಡಿಯವನು ಎರಡು ವರ್ಷ ಇಟ್ಟುಕೊಂಡು, ಮನೆ ಬದಲಿಸುವಾಗ ಎಸೆದಿದ್ದ. ಅವನು ಕಿವಿಯ ಯಂತ್ರವನ್ನು ನೋಡಿದ, ಈ ಸಲ ಕಿಚಾಯಿಸಲಿಲ್ಲ. ಅದರಿಂದಲೇ ತ್ಯಾಲಿಂಗ್‌ಗೆ ಹೆಚ್ಚು ನೋವಾಯಿತು.

ಹನ್ನೊಂದನೇ ದಿನ ಪಕ್ಕದ ಊರು ಫ್ರಾನೆಕರ್‌ನಲ್ಲಿರುವ ಔಕ್ಯೆಯ ಅಕ್ಕ ದೀವ್ಕೆಯ ಮನೆಗೆ ಹೋದ. ಆಕೆಗೆ ಎಪ್ಪತ್ತಾರು. "ನಾನು ಏನನ್ನೂ ಬಿಸಾಕೋಳಲ್ಲಪ್ಪ, ಗಂಡನೊಬ್ಬನ್ನ ಬಿಟ್ಟು," ಎನ್ನುತ್ತ ಮೆಟ್ಟಿಲ ಕೆಳಗಿನ ಗೂಡಿನಿಂದ ಒಂದು ರಟ್ಟಿನ ಡಬ್ಬ ಎಳೆದಳು. ಹಳೆಯ ಉತ್ತರಿಸುವ ಯಂತ್ರ, ಒಳಗೆ ಪುಟ್ಟ ಕ್ಯಾಸೆಟ್. ಅದರಲ್ಲಿ ಹಲ್ಲಿನ ಡಾಕ್ಟರ ಮನೆಯಿಂದ ಒಂದು ಮಾತಿತ್ತು. ಅದರ ಹಿಂದೆ, ದೀವ್ಕೆ ಈಜಲು ಹೋಗಿದ್ದ ಯಾವುದೋ ವರ್ಷದ ಮಾರ್ಚ್ ಹದಿನಾಲ್ಕರದು, ಗೆರ್ಲೋಫ್ ಇದ್ದ.

ನವೆಂಬರ್ ಇಪ್ಪತ್ತೆರಡು, ಶುಕ್ರವಾರ ಮಧ್ಯಾಹ್ನ ಔಕ್ಯೆ ಮತ್ತೆ ಆ ಕುರ್ಚಿಯಲ್ಲಿ ಕುಳಿತಳು. ಮರುದಿನ ಮನೆ ತುಂಬ ಜನ ಬರುವವರಿದ್ದರು. ಅದಕ್ಕೇ ಅವನು ಹಿಂದಿನ ದಿನವೇ ಕರೆದಿದ್ದ. ಕಾಫಿ ಕೊಟ್ಟ. ಬಿಸ್ಕತ್ತಿನ ಡಬ್ಬಕ್ಕೆ ಮುಚ್ಚಳ ಹಾಕದೆ ಹಾಗೆಯೇ ಬಿಟ್ಟ. ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂಬುದನ್ನು ಮೊದಲೇ ನೇರವಾಗಿ ಹೇಳಿದ. ಆಮೇಲೆ ಗುಂಡಿ ಒತ್ತಿದ.

"ದೀವ್ಕೆ, ಹುಟ್ಟುಹಬ್ಬದ ಶುಭಾಶಯ. ವಯಸ್ಸೆಷ್ಟು ಅಂತ ಕೇಳಲ್ಲ, ನಿನ್ನ ತಂಗಿ ಹೇಳಿದಾಳೆ. ಈ ವರ್ಷ ಕೇಕನ್ನ ಸ್ವಲ್ಪ ದೊಡ್ಡ ತುಂಡು ಮಾಡು. ಔಕ್ಯೆ, ನಿನ್ನಕ್ಕನ ಹುಟ್ಟುಹಬ್ಬಕ್ಕೆ ನಿಂಗೂ ಶುಭಾಶಯ ಕಣೆ. ಮತ್ತೆ ಔಕ್ಯೆ, ನೀನು..."

ಅಲ್ಲಿಗೆ ಕಡಿದಿತ್ತು. ಆ ಯಂತ್ರ ಮೂವತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ.

ಔಕ್ಯೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಡಲಿಲ್ಲ. ಇದು ನನಗೆ ಗೊತ್ತಿದ್ದದ್ದೇ ಎಂದಳು. ಪ್ರತಿ ಮಾರ್ಚ್‌ನಲ್ಲೂ ಅಡುಗೆಮನೆಯಿಂದ ಇದನ್ನು ಕೇಳುತ್ತಿದ್ದೆ. 'ನೀನು' ಆದ ಮೇಲೆ, ನೀನು ಸೈಕಲ್ ದೀಪ ಆರಿಸಿದೀಯಾ ನೋಡು ಎಂದು ಬರುತ್ತದೆ, ಅಷ್ಟೇ. ಇದರಲ್ಲಿ ನನಗೆ ಅಂತ ಏನೂ ಇಲ್ಲ. ನನಗೆ ಅಂತ ಇದ್ದದ್ದು ಏನು ಎಂಬುದು ಇನ್ನು ಗೊತ್ತಾಗುವುದಿಲ್ಲ, ಅಲ್ವಾ ಎಂದು ಕೇಳಿದಳು.

"ಇಲ್ಲ," ಎಂದ ತ್ಯಾಲಿಂಗ್.

ಇನ್ನೊಂದು ಸಲ ಹಾಕು ಎಂದಳು.

ಕ್ಯಾಸೆಟ್ ಹಿಂದಕ್ಕೆ ಸುತ್ತುವಷ್ಟರಲ್ಲಿ ಗಂಟೆ ಎರಡೂಮುಕ್ಕಾಲಾಗಿ, ನಿಮಿಷದ ಮುಳ್ಳು ಕೆಂಪಿಗೆ ಬಂದಿತ್ತು. ಅಭ್ಯಾಸಬಲದಿಂದ ಔಕ್ಯೆ ತುಟಿ ಬಿಗಿದಳು. ಅವನ ಬೆರಳು ಮೇಲೇಳಲಿಲ್ಲ.

"ಮಾತಾಡು," ಎಂದ. "ನಂಗೆ ಅವನ ದನಿ ಗೊತ್ತಾಗುತ್ತೆ, ಬಾಕಿದೆಲ್ಲ ಬರೀ ಗೊರಗೊರ. ಏನು ಕೇಳಿಸಿದ್ರೂ ಹೇಳು."

ಟೇಪು ಓಡಿತು. ಔಕ್ಯೆ ಕಣ್ಣು ಮುಚ್ಚಿಕೊಂಡು, ಕೇಳಿಸಿದ್ದನ್ನು ಕೇಳಿಸಿದಂತೆ ಹೇಳತೊಡಗಿದಳು. ಉಸಿರು ಎಳೆದುಕೊಂಡ. ಕುರ್ಚಿ ಕಿರುಗುಟ್ಟಿತು. ಹೊರಗೆ ಕಡಲಹಕ್ಕಿ. ಕ್ಯಾಲೆಂಡರಿನ ಹಾಳೆ ಮಗುಚಿದ. ಆಮೇಲೆ ಔಕ್ಯೆ ಯಂತ್ರದ ಕಡೆಗೆ ಬಾಗಿದಳು.

"ಏನು?" ಎಂದು ತ್ಯಾಲಿಂಗ್ ಕೇಳಿದ.

"ಹಿಂದೆ ಅಡುಗೆಮನೆಯಲ್ಲಿ ಯಾರೋ ತಟ್ಟೆ ಜೋಡಿಸ್ತಿದಾರೆ."

"ಯಾರು?"

"ನಾನು," ಎಂದಳು ಔಕ್ಯೆ.